ಮಾವ ಹಾಕಿಕೊಂಡ ಬಿಲ್ಲೆ

ಮದುವೆಯಾಗಿ ಕ್ವಾರ್ಟರ್ಸಿಗೆ ಹೋದ ಹೊಸದರಲ್ಲಿ ನನಗೆ ಮೊದಲು ಸಿಟ್ಟು ಬಂದದ್ದು ಗಂಡನ ಅಂಗಿಗಳ ಮೇಲೆ. ಎಲ್ಲ ಅಂಗಿಗಳದೂ ಎಡಗಡೆಯ ಜೇಬಿನ ಬಾಯಿ ಒಂದೇ ಜಾಗದಲ್ಲಿ ಹರಿದಿರುತ್ತಿತ್ತು. ಹೊಲಿದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಹರಿಯುತ್ತಿತ್ತು. ಅಕ್ಕಪಕ್ಕದ ಮನೆಗಳ ತಂತಿಯ ಮೇಲೆ ಒಣಗುತ್ತಿದ್ದ ಅಂಗಿಗಳ ಹಣೆಬರಹವೂ ಅದೇ. "ಅಲ್ಲಿ ಬಿಲ್ಲೆ ಸಿಗಿಸ್ತೀವಿ. ನೀ ಎಷ್ಟ ಹೊಲದ್ರೂ ಅದು ಹರಿಯೂದ" ಎಂದು ನಮ್ಮವರು ನಕ್ಕರು. ಅವತ್ತಿನಿಂದ ನಾನು ಹೊಲಿಯುವುದನ್ನು ಬಿಟ್ಟೆ.

ನಮ್ಮವರು ಕೆಲಸಕ್ಕಿದ್ದದ್ದು ಸಮುದ್ರದ ದಂಡೆಯ ಮೇಲಿನ ಸರ್ಕಾರಿ ಅಣು ಪ್ರಯೋಗಾಲಯವೊಂದರಲ್ಲಿ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಿಪ್ಪಾಣಿ ಹತ್ತಿರದ ಹಳ್ಳಿಯ ಕೂಲಿಯವರ ಮನೆಯ ಮಗ ಚಿಕ್ಕೋಡಿಯಲ್ಲಿ ಫಿಟ್ಟರ್ ಕೆಲಸ ಕಲಿತು, ಪರೀಕ್ಷೆ ಬರೆದು ಅಲ್ಲಿಗೆ ಸೇರಿದ್ದೇ ಆ ಕಡೆಯ ನಾಲ್ಕು ಊರಿಗೆ ಸುದ್ದಿಯಾಗಿತ್ತು. ಅವರ ಕೆಲಸ ಏನೆಂದು ನನಗೆ ಅರ್ಥವಾದದ್ದು ಇಷ್ಟೇ. ಮೊಳದಷ್ಟು ದಪ್ಪದ ಗಾಜಿನ ಕಿಟಕಿಯ ಈಚೆ ನಿಂತು, ಆಚೆ ಕೋಣೆಯಲ್ಲಿ ಯಾರೂ ಮುಟ್ಟಬಾರದ ವಸ್ತುಗಳನ್ನು ಯಂತ್ರದ ಉದ್ದ ಕೈಗಳಿಂದ ಹಿಡಿದು ಎತ್ತುವುದು, ಇಡುವುದು. ಮಿಕ್ಕಿದ್ದನ್ನು ಹೊರಗೆ ಹೇಳಬಾರದೆಂದು ಅವರಿಂದ ಸಹಿ ಮಾಡಿಸಿಕೊಂಡಿದ್ದರಂತೆ. ಊರಿಗೆ ಹೋದರೆ ಜನ ನನ್ನನ್ನು ಹಿಡಿದು ಕೇಳುತ್ತಿದ್ದರು, "ನಿನ್ನ ಗಂಡ ಬಾಂಬ್ ಮಾಡ್ತಾನಂತಲ್ಲ, ಖರೇ ಏನ?" "ಮನ್ಯಾಗ ಒಂದ ರೊಟ್ಟಿ ಮಾಡಾಕ ಬರೂದಿಲ್ಲ ಅವರಿಗೆ, ಬಾಂಬ್ ಎಲ್ಲಿಂದ ಮಾಡ್ತಾರ" ಅನ್ನುತ್ತಿದ್ದೆ. ಹೊರಗೆ ಹೀಗೆ ನಗೆಯಾಡಿದರೂ ಒಳಗೊಳಗೆ ನನಗೆ ಹೆದರಿಕೆ ಇತ್ತು. ಅವರು ಕೆಲಸದಿಂದ ಬಂದೊಡನೆ ಮುಖ ನೋಡುತ್ತಿದ್ದೆ, ಚಹಾ ಕೊಡುವಾಗ ಕೈ ನೋಡುತ್ತಿದ್ದೆ. ಏನೂ ಕಾಣುತ್ತಿರಲಿಲ್ಲ. ಕಾಣದಿದ್ದದ್ದಕ್ಕೇ ಹೆದರಿಕೆ ಇನ್ನೂ ಹೆಚ್ಚಾಗುತ್ತಿತ್ತು.

ಆ ಕಾಣದ್ದನ್ನು ಹಿಡಿಯುವುದೇ ಬಿಲ್ಲೆಯ ಕೆಲಸ ಎಂದು ಅವರೇ ಒಮ್ಮೆ ನನಗೆ ಸಮಾಧಾನ ಹೇಳಿದರು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ, ಹಿಂದೆ ಕ್ಲಿಪ್ಪು, ಒಳಗೆ ಸಣ್ಣ ಲೋಹದ ತಗಡುಗಳು. ಮೈಗೆ ಎಷ್ಟು ಕಿರಣ ತಾಗಿತೋ ಅಷ್ಟನ್ನು ಅದು ತನ್ನೊಳಗೆ ಇಟ್ಟುಕೊಳ್ಳುತ್ತದೆ. ತಿಂಗಳ ಕೊನೆಗೆ ಎಲ್ಲರ ಬಿಲ್ಲೆಗಳನ್ನು ಒಯ್ದು ಯಂತ್ರಕ್ಕೆ ಹಾಕಿ ಒಬ್ಬೊಬ್ಬರ ಲೆಕ್ಕ ತೆಗೆಯುತ್ತಾರೆ. ಪಾಳಿ ಮುಗಿದ ಮೇಲೆ ಗೇಟಿನ ಹತ್ತಿರದ ಹಲಗೆಯಲ್ಲಿ ತಮ್ಮ ನಂಬರಿನ ಮೊಳೆಗೆ ಬಿಲ್ಲೆ ತೂಗುಹಾಕಿಯೇ ಹೊರಗೆ ಬರಬೇಕು. ಮನೆಗೆ ತರುವ ಮಾತೇ ಇಲ್ಲ.

ನನಗೆ ಏಳು ತಿಂಗಳು ತುಂಬಿದಾಗ ಗಂಡನ ಊರಿನಲ್ಲಿ ಕುಬಸದ ಕಾರ್ಯ ಇಟ್ಟುಕೊಂಡರು. ನಮ್ಮ ಕಡೆ ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಹೆರಿಗೆಗೆಂದು ತವರಿಗೆ ಕಳಿಸುತ್ತಾರೆ. ನಾನು ಮೊದಲೇ ಹೋಗಿದ್ದೆ. ನಮ್ಮವರು ಪಾಳಿ ಮುಗಿಸಿ ಸೀದಾ ಬಸ್ಸಿಗೆ ಓಡಬೇಕಿತ್ತು. ಚಳಿಗಾಲ, ಅಂಗಿಯ ಮೇಲೆ ಸ್ವೆಟರ್ ಏರಿಸಿಕೊಂಡು ಗೇಟು ದಾಟಿಬಿಟ್ಟಿದ್ದರು. ಬೆಳಿಗ್ಗೆ ಮನೆಗೆ ಬಂದು ಮುಖ ತೊಳೆಯಲೆಂದು ಸ್ವೆಟರ್ ತೆಗೆದರೆ ಬಿಲ್ಲೆ ಎದೆಯ ಮೇಲೇ ಇತ್ತು. ಅದನ್ನು ಕಿತ್ತು ಅಂಗೈಯಲ್ಲಿ ಹಿಡಿದು ನಿಂತರು.

"ಏನದು?" ಎಂದು ಮಾವ ಕೇಳಿದರು.

"ಬಿಲ್ಲೆ ಅಪ್ಪಾ. ಕೆಲಸ ಮಾಡಾಕ ಹೋದವರ ಮೈಯಾಗ ಎಷ್ಟ ವಿಷ ಹೊಕ್ಕೈತಿ ಅಂತ ಲೆಕ್ಕ ಹಿಡೀತೈತಿ. ಇಲ್ಲಿಗೆ ತರಬಾರದಿತ್ತ."

"ಲೆಕ್ಕ ಜಾಸ್ತಿ ಬಂತಂದ್ರ?"

"ಆ ಕೆಲಸದಿಂದ ತಗೀತಾರ. ಬ್ಯಾರೆ ಕಡೆ ಖುರ್ಚಿ ಮ್ಯಾಲ ಕುಂದ್ರಿಸಿ ಹಗರ ಕೆಲಸ ಕೊಡ್ತಾರ. ಪಗಾರಕ್ಕೇನೂ ಆಗೂದಿಲ್ಲ."

"ಯಾರ ಕುಂದ್ರಸ್ತಾರ?"

"ಸರಕಾರದವ್ರ."

ಮಾವ ಚಿಕ್ಕಂದಿನಿಂದಲೂ ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ದುಡಿದವರು. ಒಣಗಿದ ಎಲೆಯನ್ನು ಪುಡಿಮಾಡಿ ಜರಡಿ ಹಿಡಿಯುವುದು ಅವರ ಕೆಲಸ. ಕಿಟಕಿ ತೆರೆದರೆ ಪುಡಿ ಹಾರುತ್ತದೆಂದು ಮಾಲೀಕರು ಕಿಟಕಿ ಮುಚ್ಚಿಸುತ್ತಿದ್ದರು. ಮೂಗಿಗೆ ಕಟ್ಟಿಕೊಳ್ಳುವ ಅರಿವೆಯನ್ನೂ ಮನೆಯಿಂದಲೇ ಒಯ್ಯಬೇಕು. ಸಂಜೆ ಮಾವ ಬಾಗಿಲಲ್ಲಿ ಕಾಲಿಟ್ಟರೆ ಮನೆಯ ಬೆಕ್ಕು ಸೀನುತ್ತಿತ್ತು. ನಾವೆಲ್ಲ ಅದಕ್ಕೆ ನಗುತ್ತಿದ್ದೆವು, ಮಾವನೂ ನಗುತ್ತಿದ್ದರು. ನಗುವುದು ಹೆಚ್ಚಾದರೆ ಕೆಮ್ಮು ಹತ್ತಿಕೊಂಡು ಬಾಗಿ ಕುಳಿತುಬಿಡುತ್ತಿದ್ದರು. ವಖಾರಿಗೆ ಹೋಗುವವರೆಲ್ಲ ಕೆಮ್ಮುತ್ತಿದ್ದರು. ಅದನ್ನು ಯಾರೂ ಬೇನೆ ಎಂದು ಕರೆಯುತ್ತಿರಲಿಲ್ಲ.

ನಮ್ಮವರು ಬಿಲ್ಲೆಯನ್ನು ಗೋಡೆಯ ಗೂಡಿನಲ್ಲಿದ್ದ ಬುದ್ಧನ ಚಿತ್ರದ ಹಿಂದೆ ಇಟ್ಟು, ಯಾರೂ ಮುಟ್ಟಬೇಡಿರೆಂದು ಹೇಳಿದರು. ಕುಬಸ ಚೆನ್ನಾಗಿಯೇ ನಡೆಯಿತು. ತವರಿನವರು ಬುತ್ತಿ ತಂದಿದ್ದರು, ಓಣಿಯ ಹೆಂಗಸರು ಬಂದು ಉಡಿ ತುಂಬಿದರು. ಮರುದಿನ ನಮ್ಮವರೇ ನನ್ನನ್ನು ಉಗಾರ ಖುರ್ದಕ್ಕೆ, ನನ್ನ ತವರಿಗೆ ಕರೆದುಕೊಂಡು ಹೋದರು. ರಜೆಯ ಉಳಿದ ದಿನಗಳನ್ನು ಅಲ್ಲೇ ಕಳೆದು, ಹೋಗುವಾಗ ತಮ್ಮ ಊರಿಗೆ ಹಾದು, ಚಿತ್ರದ ಹಿಂದಿನಿಂದ ಬಿಲ್ಲೆ ತೆಗೆದುಕೊಂಡು ಕೆಲಸಕ್ಕೆ ಮರಳಿದರು. ಅದನ್ನು ಮನೆಗೆ ಒಯ್ದಿದ್ದೆ ಎಂದು ಅಲ್ಲಿ ಯಾರಿಗೂ ಹೇಳಲಿಲ್ಲ. ಸದ್ದಿಲ್ಲದೆ ಮೊಳೆಗೆ ತೂಗುಹಾಕಿದರು.

ನನ್ನ ಅಪ್ಪ ಉಗಾರದ ಸಕ್ಕರೆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಕಬ್ಬು ನುರಿಸುವ ಹಂಗಾಮು, ರಸ್ತೆಯ ತುಂಬ ಕಬ್ಬಿನ ಗಾಡಿ. ಒಂದು ಮಧ್ಯಾಹ್ನ ಆ ಗಾಡಿಗಳ ಸಾಲಿನ ಪಕ್ಕದಲ್ಲಿ, ಚೀಲವೂ ಇಲ್ಲದೆ ನಮ್ಮವರು ನಡೆದು ಬರುವುದು ಕಂಡಿತು. ಬರುತ್ತೇನೆಂದು ಹೇಳಿ ಕಳಿಸಿರಲಿಲ್ಲ.

ಒಳಗೆ ಬಂದು ಒಂದು ತಂಬಿಗೆ ನೀರು ಪೂರಾ ಕುಡಿದು ಅವರು ಹೇಳಿದರು. ತಿಂಗಳ ಲೆಕ್ಕದಲ್ಲಿ ಅವರ ಬಿಲ್ಲೆಗೆ ಮಿತಿ ಮೀರಿ ಬಂದಿತ್ತು. ಗಾಜಿನ ಕಿಟಕಿಯ ಕೆಲಸದಿಂದ ತೆಗೆದು ಒಂದು ಕುರ್ಚಿಯ ಮೇಲೆ ಕೂರಿಸಿದ್ದರು. ರಕ್ತ ಪರೀಕ್ಷೆ ಮಾಡಿದ್ದರು.

ನನ್ನ ಅವ್ವ ಅಷ್ಟು ಕೇಳಿದಳು, ಮುಂದಿನದನ್ನು ಕೇಳಲಿಲ್ಲ. ಎದ್ದು ಒಳಗೆ ಹೋದಳು. ಊಟಕ್ಕೆ ಕರೆದಾಗ ನಮಗೆಲ್ಲ ತಾಟು, ಅವರಿಗೊಬ್ಬರಿಗೆ ಬಾಳೆಲೆ. "ಅಳ್ಯಾ ಬಂದಾನ, ಎಲಿ ಹಾಕಬಾರದೇನು" ಅಂದಳು. ಮರ್ಯಾದೆಗೆ ಹಾಕಿದ ಎಲೆ ಯಾವುದು, ಉಂಡ ಮೇಲೆ ಬಿಸಾಡಲೆಂದು ಹಾಕಿದ ಎಲೆ ಯಾವುದು ಎಂದು, ದೊಡ್ಡವರ ಅಂಗಳದಲ್ಲಿ ದೂರ ಕೂತು ಉಂಡ ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ನಮ್ಮವರು ತಲೆ ತಗ್ಗಿಸಿ ಉಂಡರು. ನಾನು ನನ್ನ ತಾಟನ್ನು ಸರಿಸಿ ಅವರ ಎಲೆಯಲ್ಲೇ ಕೈ ಹಾಕಿ ಎರಡು ತುತ್ತು ತಿಂದೆ. ಅವ್ವನಿಗೆ ಅದು ಸಿಟ್ಟಿನಿಂದ ಮಾಡಿದ್ದು ಎಂದು ತಿಳಿಯಿತು. ಸಿಟ್ಟಿನಷ್ಟೇ ಹೆದರಿಕೆಯೂ ನನಗಿತ್ತು ಎಂಬುದು ಅವಳಿಗೆ ತಿಳಿಯಲಿಲ್ಲ. ಹೊಟ್ಟೆಯೊಳಗೆ ಕೂಸು ಒದೆಯುತ್ತಿತ್ತು, ನಾನು ಅದರ ಕೈಕಾಲುಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಊಟವಾದ ಮೇಲೆ ಹಿತ್ತಲಲ್ಲಿ ಅವರು ನನಗೊಬ್ಬಳಿಗೇ ಉಳಿದದ್ದನ್ನು ಹೇಳಿದರು.

"ನನಗೇನೂ ಆಗಿಲ್ಲ. ರಕ್ತ ಬರೋಬ್ಬರಿ ಐತಿ. ಬಿಲ್ಲೆದಾಗ ಬಂದಿದ್ದು ನಮ್ಮ ಕೋಣೀದ ಕಿರಣ ಅಲ್ಲಂತ, ದವಾಖಾನಿ ಎಕ್ಸ್‌ರೇ ಮಿಷನ್‌ದು. ಒಳಗಿನ ತಗಡಿನ ಮ್ಯಾಲಿಂದ ಅವರಿಗೆ ಗೊತ್ತಾಗ್ತೈತಿ."

"ಮತ್ತ ಯಾಕ ಹಿಂಗ ಬಂದೀರಿ? ಛಲೋನ ಆತಲ್ಲ."

"ಏನ ಛಲೋ? ಎಲ್ಲಿ ಎಕ್ಸ್‌ರೇ ತಗಸೀದಿ ಅಂತ ಕೇಳ್ತಾರ. ನಾ ತಗಸಿಲ್ಲ. ತಗಸಿಲ್ಲಂದ್ರ ಬರೇ ಬಿಲ್ಲೆ ಒಯ್ದು ಮಿಷನ್ನಿನ ಮುಂದ ಹಿಡದೀದಿ, ಹಗರ ಕೆಲಸದ ಆಸೇಕ್ಕ ಸರಕಾರಕ್ಕ ಮೋಸ ಮಾಡೀದಿ ಅಂತಾರ. ಮನಿಗೆ ಒಯ್ದಿದ್ದು ಈಗ ಹೇಳೀನಿ. ಈಗ ಹೇಳಿದ್ದಕ್ಕ ಯಾರೂ ನಂಬವಲ್ಲರು. ಹೆಂಗ ಆತು ಅಂತ ತೋರಸಲಿಲ್ಲಂದ್ರ ನೌಕರಿ ಹೋಗ್ತೈತಿ."

ಅವರ ಇಡೀ ವಂಶದಲ್ಲಿ ತಿಂಗಳ ಪಗಾರದ ಮೊದಲ ಮನುಷ್ಯ ಅವರು. ಆ ನೌಕರಿ ಹೋದರೆ ಮಾವನ ಜರಡಿಯೇ ಮಗನ ಕೈಗೂ ಬರುತ್ತಿತ್ತು. ಅದು ನನ್ನ ಕಣ್ಣಮುಂದೆ ನಿಂತಂತಾಗಿ ನಾನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕುಳಿತೆ.

ಬಿಲ್ಲೆ ಅವರ ಕೈ ಬಿಟ್ಟು ಇದ್ದದ್ದು ಗಂಡನ ಮನೆಯ ಗೂಡಿನಲ್ಲಿ ಮಾತ್ರ. ಅಲ್ಲಿಗೇ ಹೋಗಿ ಕೇಳುವುದೆಂದು ಅವರು ಎದ್ದರು, ನಾನೂ ಬರುತ್ತೇನೆಂದೆ. ಕುಬಸ ಮಾಡಿಸಿಕೊಂಡು ಬಂದವಳು ಹೆರದೆ ಗಂಡನ ಮನೆಯ ಹೊಸ್ತಿಲು ತುಳಿಯಬಾರದು ಎಂದು ಅವ್ವ ಅಡ್ಡ ನಿಂತಳು. "ಎಲಿ ಹಾಕಿ ಊಟಕ್ಕ ಹಾಕೀದಿಯಲ್ಲ, ಇನ್ನೇನ ಶಾಸ್ತ್ರ ಉಳದೈತಿ" ಎಂದು ನಾನು ಹೊರಟೇಬಿಟ್ಟೆ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದೆವು.

ಮಾವ ಆ ದಿನ ಕೆಲಸಕ್ಕೆ ಹೋಗಿರಲಿಲ್ಲ. ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು, ಬಹಳ ಇಳಿದುಹೋಗಿದ್ದರು. ತುಂಬಿದ ಬಸುರಿ ಸೊಸೆ ಹೊತ್ತಲ್ಲದ ಹೊತ್ತಿನಲ್ಲಿ ಬಂದಳಲ್ಲ ಎಂದು ಅವರು ಬೆಚ್ಚಲಿಲ್ಲ. ನನ್ನನ್ನು ದಾಟಿ ಮಗನ ಮುಖವನ್ನೇ ನೋಡಿ ಕೇಳಿದರು.

"ನಂದು ಲೆಕ್ಕ ಬಂತೇನ?"

ನಮ್ಮವರಿಗೆ ತಕ್ಷಣ ತಿಳಿಯಲಿಲ್ಲ. ನನಗೆ ತಿಳಿಯಿತು.

"ಬಿಲ್ಲೆ ನೀವು ಹಾಕ್ಕೊಂಡಿದ್ರೇನ್ರಿ ಮಾವಾ?"

"ಹ್ಞೂಂ ಯವ್ವಾ." ಯಾವ ಅಳುಕೂ ಇಲ್ಲದೆ ಹೇಳಿದರು. "ನೀವು ಉಗಾರಕ್ಕ ಹೋದ ಮರುದಿನದಿಂದ. ಬನೀನಿನ ಒಳಗ ಸಿಗಿಸಿಕೊಂಡ ವಖಾರಿಗೆ ಹೋಗ್ತಿದ್ನಿ. ಸಂಜೀಕ ಬಂದು ಅಲ್ಲೇ ಇಡ್ತಿದ್ನಿ. ಮೈಯಾಗ ಎಷ್ಟ ವಿಷ ಹೊಕ್ಕೈತಿ ಅಂತ ಹೇಳ್ತೈತಿ ಅಂದ ಇವನ ಹೇಳಿದ್ನಲ್ಲ. ಇಷ್ಟ ವರ್ಷ ನುಂಗೀನಿ, ಒಮ್ಮೆ ನಂದೂ ನೋಡ್ಲಿ ಅಂತ."

ಆ ಬಿಲ್ಲೆಗೆ ತಂಬಾಕಿನ ಧೂಳು ತಿಳಿಯುವುದಿಲ್ಲ. ಅದು ತಿಳಿಯುವ ವಿಷವೇ ಬೇರೆ. ಇದನ್ನು ನಮ್ಮವರು ಅವತ್ತು ಹೇಳಿರಲಿಲ್ಲ, ಹೇಳಬೇಕೆಂದು ಅವರಿಗೆ ಹೊಳೆದಿರಲೂ ಇಲ್ಲ.

"ಎಕ್ಸ್‌ರೇ ಎಲ್ಲಿ ತಗಸಿದಿ?" ಎಂದು ನಮ್ಮವರು ಕೇಳಿದರು.

ಮಾವ ಅದಕ್ಕೆ ಮಾತ್ರ ತಡವರಿಸಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ನೋಡಿದರು. ಆಮೇಲೆ ಒಳಗೆ ಹೋಗಿ ಟ್ರಂಕಿನ ಹಿಂದಿನಿಂದ ದೊಡ್ಡ ಕಾಗದದ ಲಕೋಟೆ ತಂದರು. ಕಫದಲ್ಲಿ ರಕ್ತ ಬೀಳುತ್ತಿತ್ತಂತೆ. ಅತ್ತೆಗೂ ಹೇಳದೆ ಒಂದು ದಿನ ಚಿಕ್ಕೋಡಿಗೆ ಹೋಗಿದ್ದರು. ಅಂಗಿ ತೆಗೆ ಅಂದಾಗ ಅಂಗಿ ತೆಗೆದರು, ಬನೀನು ತೆಗೆಯಲಿಲ್ಲ. ಮಿಷನ್ನಿನವನು ಅವಸರದಲ್ಲಿದ್ದ. ಎದೆಯ ಚಿತ್ರ ತೆಗೆಯುವಾಗ ಬಿಲ್ಲೆಯೂ ನೋಡಲಿ, ಲೆಕ್ಕ ಪಕ್ಕಾ ಆಗಲಿ ಎಂದು ಅದನ್ನು ಅಲ್ಲೇ ಬಿಟ್ಟಿದ್ದರು.

ನಮ್ಮವರು ಫಿಲ್ಮನ್ನು ಬಾಗಿಲ ಬೆಳಕಿಗೆ ಹಿಡಿದರು. ಎದೆಗೂಡಿನ ಎಡಭಾಗದಲ್ಲಿ ಒಂದು ಚಿಕ್ಕ ಬಿಳಿ ಚೌಕ ಇತ್ತು, ಒಳಗೆ ತಗಡಿನ ತುಂಡುಗಳ ಗುರುತು, ಕ್ಲಿಪ್ಪಿನ ಗುರುತು. ನಮ್ಮವರು ಅದನ್ನು ನೋಡಿದ್ದೇ ಗಟ್ಟಿಯಾಗಿ ಉಸಿರು ಬಿಟ್ಟರು. ನೌಕರಿ ಉಳಿಯಿತು ಎಂಬ ಉಸಿರು ಅದು. ಆಮೇಲೆ ಆ ಚೌಕದ ಸುತ್ತ ಇದ್ದದ್ದನ್ನೂ ನೋಡಿದರು. ನನಗೂ ಕಂಡಿತು. ಕಪ್ಪಾಗಿರಬೇಕಾದಲ್ಲೆಲ್ಲ ಬೂದಿ ಚೆಲ್ಲಿದಂತೆ ಇತ್ತು.

"ಡಾಕ್ಟರ್ ಏನಂದಾರ?"

"ವಖಾರಿ ಬಿಡು ಅಂದಾನ. ಅವಾ ಎಲ್ಲಾರಿಗೂ ಹಂಗ ಹೇಳ್ತಾನ. ಬಿಟ್ಟ ಏನ ಮಾಡ್ಲಿ? ಕುಬಸದ ಮನ್ಯಾಗ ಬ್ಯಾನಿ ಸುದ್ದಿ ಬ್ಯಾಡ, ಸೊಸಿ ಹಡೀಲಿ ಅಂತ ಸುಮ್ನಿದ್ನಿ."

ನಮ್ಮವರು ಅಪ್ಪನ ಮೇಲೆ ಹರಿಹಾಯ್ದರು. ನೀನು ನನ್ನ ಅನ್ನ ಕಸಿಯುತ್ತಿದ್ದೆಯಲ್ಲ ಎಂದರು, ಮುಟ್ಟಬೇಡ ಎಂದರೂ ಯಾಕೆ ಮುಟ್ಟಿದೆ ಎಂದರು, ರಕ್ತ ಬಿದ್ದದ್ದನ್ನು ಮುಚ್ಚಿಟ್ಟೆಯಲ್ಲ ಎಂದರು. ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ನನಗೆ ಅಳು ಬರಲಿಲ್ಲ. ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಗಂಡನಿಗೆ ಕೂದಲೆಳೆಯಷ್ಟು ಕಿರಣ ತಾಗಿದರೂ ತಿಂಗಳಿಗೊಮ್ಮೆ ಲೆಕ್ಕ ಬರೆದಿಡುವ ಅಷ್ಟು ದೊಡ್ಡ ಕಟ್ಟಡ, ಅಷ್ಟು ಜನ. ಇಲ್ಲಿ ಕಣ್ಣಿಗೆ ಕಾಣುವ ಧೂಳು, ಮೂಗಿಗೆ ಘಾಟು ಹೊಡೆಯುವ ಧೂಳು, ಬೆಕ್ಕಿಗೂ ತಿಳಿಯುವ ಧೂಳು, ಅದನ್ನು ಅಳೆಯಲು ಒಬ್ಬನೂ ಇಲ್ಲ. ಇಬ್ಬರೂ ಒಂದೇ ಮನೆಯವರು, ಅಪ್ಪ ಮತ್ತು ಮಗ. ಆ ಸಿಟ್ಟು ಇವತ್ತಿಗೂ ಪೂರಾ ಇಳಿದಿಲ್ಲ.

ನಮ್ಮವರು ಫಿಲ್ಮ್ ತೆಗೆದುಕೊಂಡು ಹೋದರು. ನಾನು ಉಗಾರಕ್ಕೆ ಮರಳಿ, ಕೆಲವು ವಾರಗಳಲ್ಲಿ ಹೆಣ್ಣುಮಗುವನ್ನು ಹೆತ್ತೆ. ಕೈಕಾಲು, ಕಣ್ಣು ಮೂಗು ಎಲ್ಲ ನೆಟ್ಟಗಿತ್ತು. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಅಂತೂ ಸಮಾಧಾನಗೊಂಡಳು. ನಮ್ಮವರು ಬಂದ ದಿನ ತಾಟಿನಲ್ಲೇ ಬಡಿಸಿದಳು.

ಅವರ ಕೆಲಸ ಉಳಿದಿತ್ತು. ಬಿಲ್ಲೆಯನ್ನು ಫಿಲ್ಮಿನ ಚೌಕದ ಮೇಲೆ ಇಟ್ಟು ನೋಡಿ ಸರಿಹೋಯಿತು ಅಂದರಂತೆ. ಬಿಲ್ಲೆ ಹೊರಗೆ ಒಯ್ದದ್ದಕ್ಕೆ ಛೀಮಾರಿ ಹಾಕಿ, ಮತ್ತೆ ಗಾಜಿನ ಕಿಟಕಿಯ ಮುಂದೆ ನಿಲ್ಲಿಸಿದರು. ಆ ತಿಂಗಳ ಅಂಕಿಯನ್ನು, ಇದು ನಮ್ಮ ನೌಕರನದಲ್ಲ ಎಂದು ಹೊಡೆದುಹಾಕಿದರು. ಅಲ್ಲಿಯ ಡಾಕ್ಟರು ಮಾತ್ರ ಫಿಲ್ಮನ್ನು ತಕ್ಷಣ ಮರಳಿಸಲಿಲ್ಲ. ದೀಪದ ಮುಂದೆ ಬಹಳ ಹೊತ್ತು ಹಿಡಿದು, "ಇದು ಯಾರ ಎದೆ?" ಎಂದು ಕೇಳಿದರಂತೆ. ಅಪ್ಪನದು ಎಂದಾಗ, ಧೂಳಿನ ಕೆಲಸ ಇವತ್ತೇ ಬಿಡಿಸು, ಬಿಡಿಸಿದರೂ ಬಹಳ ತಡವಾಗಿದೆ ಅಂದರಂತೆ.

ಮಾವ ಮೊಮ್ಮಗಳನ್ನು ನೋಡಲು ಬಂದರು. ನಡುವೆ ಮತ್ತೆ ವಖಾರಿಗೆ ಹೋಗಲು ಸುರುಮಾಡಿದ್ದರು, ಯಾರ ಮಾತೂ ಕೇಳಿರಲಿಲ್ಲ. ಮಗುವಿಗೆ ಕೆಮ್ಮು ತಾಗಬಾರದೆಂದು ಬಾಗಿಲಲ್ಲೇ ನಿಂತು ನೋಡಿದರು. ನೋಡಿ ಮುಗಿದ ಮೇಲೆ ಮಗನತ್ತ ತಿರುಗಿ ಅದೇ ಮಾತು ಕೇಳಿದರು.

"ನಂದು ಲೆಕ್ಕ ಏನ ಬಂತಪಾ? ನೀ ಆವತ್ತ ಹೇಳಲೇ ಇಲ್ಲ."

ಆ ಅಂಕಿಯನ್ನು ಹೊಡೆದುಹಾಕಿದ್ದಾರೆ, ನಿನ್ನ ಲೆಕ್ಕ ಎಲ್ಲಿಯೂ ಇಲ್ಲ ಎಂದು ಯಾವ ಮಗ ಹೇಳುತ್ತಾನೆ. ನಾನು ಬಾಣಂತಿ, ಮಂಚದ ಮೇಲಿಂದಲೇ ಹೇಳಿದೆ.

"ಬಂದೈತ್ರಿ ಮಾವಾ. ಭಾಳ ಆಗೈತಂತ. ದೊಡ್ಡ ಡಾಕ್ಟರು ನೋಡ್ಯಾರ. ನಾಳಿಯಿಂದ ನೀವು ವಖಾರಿಗೆ ಹೋಗಬಾರದಂತ, ಖುರ್ಚಿ ಮ್ಯಾಲ ಕುಂದ್ರಬೇಕಂತ."

"ಸರಕಾರದವ್ರ ಹೇಳ್ಯಾರ?"

"ಹೌದ್ರಿ."

"ಮತ್ತ. ನಾ ಅಂದಿದ್ನಲ್ಲ, ಭಾಳ ಆಗಿರತೈತಿ ಅಂತ" ಅಂದರು ಮಾವ. ದುಃಖಕ್ಕಿಂತ ಹೆಚ್ಚಾಗಿ, ಬಹಳ ವರ್ಷದ ಮಾತು ಕೊನೆಗೂ ಖರೆ ಆಯಿತೆಂಬ ನೆಮ್ಮದಿ ಅವರ ಮುಖದಲ್ಲಿತ್ತು. ನನ್ನ ತವರಿನಲ್ಲಿ ಎಂದೂ ಕಟ್ಟೆ ಬಿಟ್ಟು ಬೇರೆ ಕಡೆ ಕೂರದವರು, ಅಂಗಳದಲ್ಲಿದ್ದ ನನ್ನ ಅಪ್ಪನ ಕಬ್ಬಿಣದ ಕುರ್ಚಿಯ ಮೇಲೆ ಹೋಗಿ ಕುಳಿತರು.

ಡಾಕ್ಟರ ಮಾತಿಗೆ, ಹೆಂಡತಿಯ ಮಾತಿಗೆ ಬಿಡದ ವಖಾರಿಯನ್ನು ಮಾವ ಆ ದಿನಕ್ಕೇ ಬಿಟ್ಟರು. ಊರಿಗೆ ಹೋಗಿ ಒಂದು ಕುರ್ಚಿ ತರಿಸಿಕೊಂಡು ಮನೆಯ ಮುಂದೆ ಹಾಕಿಸಿಕೊಂಡರು. ಯಾಕೆ ಕೆಲಸಕ್ಕೆ ಹೋಗುತ್ತಿಲ್ಲ ಎಂದು ಕೇಳಿದವರಿಗೆಲ್ಲ, "ಸರಕಾರದವ್ರು ನಂದು ಲೆಕ್ಕ ತಗದಾರ, ಭಾಳ ಆಗೈತಂತ ಕುಂದ್ರಸ್ಯಾರ" ಎಂದು ಹೇಳುತ್ತಿದ್ದರು. ನನ್ನ ಮಗಳು ನಡೆಯಲು ಕಲಿಯುವ ಮೊದಲೇ ತೀರಿಕೊಂಡರು. ಅಷ್ಟು ದಿನ ಆ ಕುರ್ಚಿಯ ಮೇಲೆ ಕುಳಿತಿದ್ದರೂ ಮಗ ಅವತ್ತು ಹೇಳಿದ್ದ ಪಗಾರದ ಮಾತನ್ನು ಮಾತ್ರ ಅವರು ನಮ್ಮನ್ನು ಒಂದು ಸಲವೂ ಕೇಳಲಿಲ್ಲ.